ನಾಲ್ಕೇ ನಿಮಿಷದಲ್ಲಿ ಟಿವಿಯ ಪಟ್ಟಿಯಿಂದ ಮಾಯವಾಗುವ ಮನೆಯ ಮೀಡಿಯಾ ಸರ್ವರ್

ಮೌನಪ್ರೇಕ್ಷಕ:

ಮನೆಯ ಕಂಪ್ಯೂಟರಿನಲ್ಲಿ ಜೆಲ್ಲಿಫಿನ್ ಎಂಬ ಮೀಡಿಯಾ ಸರ್ವರ್ (ಚಿತ್ರಗಳನ್ನು ಮನೆಯ ಉಳಿದ ಸಾಧನಗಳಿಗೆ ಹಂಚುವ ತಂತ್ರಾಂಶ) ಅಳವಡಿಸಿ, ಫೋನಿನಲ್ಲಿ ಅದರ ಆ್ಯಪ್ ಮೂಲಕವೂ ಟಿವಿಯಲ್ಲಿ ಡಿಎಲ್‌ಎನ್‌ಎ (ಮನೆಯ ಜಾಲದಲ್ಲಿರುವ ಸರ್ವರನ್ನು ಟಿವಿಯೇ ಹುಡುಕಿಕೊಳ್ಳುವ ಪದ್ಧತಿ) ಪ್ಲಗಿನ್ ಮೂಲಕವೂ ಚಲನಚಿತ್ರ ನೋಡುವ ವ್ಯವಸ್ಥೆ ಮಾಡಿಕೊಂಡಿದ್ದೇನೆ. ಕಂಪ್ಯೂಟರಿನಲ್ಲಿರುವುದು ವಿಂಡೋಸ್ 11. ಅದು ಯುಎಸ್‌ಬಿ ವೈಫೈ ಡಾಂಗಲ್ ಮೂಲಕ ರೂಟರಿಗೆ ಸೇರಿಕೊಂಡಿದೆ. ಟಿವಿ ಮಾತ್ರ ಕೇಬಲ್ಲಿನಿಂದ ನೇರವಾಗಿ ರೂಟರಿಗೆ ಜೋಡಣೆಯಾಗಿದೆ. ಚಿತ್ರಗಳೆಲ್ಲ ಒಂದು ಹೊರ ಹಾರ್ಡ್‌ಡಿಸ್ಕಿನಲ್ಲಿವೆ.

ತೊಂದರೆ ಒಂದಲ್ಲ. ಸರ್ವರ್ ಆರಂಭಿಸಿದ ತಕ್ಷಣ ಅದರ ಹೆಸರು ಟಿವಿಯ ಪಟ್ಟಿಯಲ್ಲಿ ಕಾಣುತ್ತದೆ, ಆದರೆ ನಾಲ್ಕೈದು ನಿಮಿಷ ಕಳೆದು ಮತ್ತೆ ಪಟ್ಟಿ ತೆರೆದರೆ ಅಲ್ಲಿ ಏನೂ ಇರುವುದಿಲ್ಲ. ಸರ್ವರನ್ನು ನಿಲ್ಲಿಸಿ ಮತ್ತೆ ಆರಂಭಿಸಿದರೆ ಪುನಃ ಕಾಣುತ್ತದೆ, ಪುನಃ ಮಾಯವಾಗುತ್ತದೆ. ಫೋನಿನಲ್ಲಿ ಮಾತ್ರ ಯಾವಾಗ ತೆರೆದರೂ ಸಿಗುತ್ತದೆ. ಇನ್ನು ಕೆಲವು ಚಿತ್ರಗಳು ಟಿವಿಯಲ್ಲಿ ಓಡುತ್ತವೆ, ಧ್ವನಿ ಬರುವುದಿಲ್ಲ. ದೊಡ್ಡ ಕಡತಗಳು ಧ್ವನಿಯಿದ್ದರೂ ತಡೆದು ತಡೆದು ಓಡುತ್ತವೆ. ಎರಡು ಬಾರಿ ಎಲ್ಲವನ್ನೂ ಅಳಿಸಿ ಹೊಸದಾಗಿ ಅಳವಡಿಸಿದೆ, ಫೈರ್‌ವಾಲನ್ನು ಪೂರ್ತಿಯಾಗಿ ಆರಿಸಿಯೂ ನೋಡಿದೆ. ಎಳ್ಳಷ್ಟೂ ವ್ಯತ್ಯಾಸವಾಗಲಿಲ್ಲ. ಟಿವಿಯೇ ಹಾಳಾಗಿದೆ ಎಂದು ಮನೆಯವರು ತೀರ್ಪು ಕೊಟ್ಟಿದ್ದಾರೆ.

ನೀಲಿತಂತಿ:

ಮೊದಲು ಫೈರ್‌ವಾಲನ್ನು ಮತ್ತೆ ಹಚ್ಚಿಬಿಡಿ. ಆರಿಸಿದರೂ ವ್ಯತ್ಯಾಸವಾಗಲಿಲ್ಲ ಎಂಬುದೇ ಅದು ಕಾರಣವಲ್ಲ ಎಂಬುದಕ್ಕೆ ಸಾಕಷ್ಟು ಸಾಕ್ಷಿ.

ನೀವು ಬರೆದಿರುವುದು ಒಂದೇ ರೋಗದ ಮೂರು ಲಕ್ಷಣಗಳಂತೆ ಕಂಡರೂ ನನಗೆ ಅವು ಒಂದಕ್ಕೊಂದು ಸಂಬಂಧವಿಲ್ಲದ ಮೂರು ರೋಗಗಳೆನ್ನಿಸುತ್ತವೆ. ಮನೆಯೊಳಗಿನ ಸ್ಟ್ರೀಮಿಂಗ್‌ನಲ್ಲಿ ಮೂರು ಕೆಲಸಗಳು ಒಂದರ ಹಿಂದೊಂದು ನಡೆಯಬೇಕು: ಟಿವಿಯು ಸರ್ವರನ್ನು ಪತ್ತೆ ಹಚ್ಚಬೇಕು, ಪತ್ತೆಯಾದ ವಿಳಾಸವನ್ನು ತಲುಪಬೇಕು, ತಲುಪಿದ ಮೇಲೆ ಸಿಕ್ಕಿದ ಕಡತವನ್ನು ಬಿಡಿಸಿ ತೋರಿಸಬೇಕು. ಈ ಮೂರನ್ನೂ ಒಟ್ಟಿಗೆ ಸರಿಪಡಿಸಲು ಹೊರಟವರೇ ಸಾಮಾನ್ಯವಾಗಿ ಎಲ್ಲವನ್ನೂ ಅಳಿಸಿ ಮರಳಿ ಅಳವಡಿಸುವ ಹಂತಕ್ಕೆ ಬಂದು ನಿಲ್ಲುತ್ತಾರೆ.

ಪತ್ತೆಯಾಗುವುದು ಮತ್ತು ತಲುಪುವುದು ಎರಡನ್ನೂ ಬೇರ್ಪಡಿಸುವ ಪರೀಕ್ಷೆ ಸುಲಭವಾಗಿದೆ. ಟಿವಿಯ ಪಟ್ಟಿಯಿಂದ ಸರ್ವರ್ ಮಾಯವಾದ ಹೊತ್ತಿನಲ್ಲಿಯೇ ಟಿವಿಯ ಬ್ರೌಸರಿನಲ್ಲಿ, ಅದಿಲ್ಲದಿದ್ದರೆ ಫೋನಿನ ಬ್ರೌಸರಿನಲ್ಲಿ, ಕಂಪ್ಯೂಟರಿನ ಐಪಿ ವಿಳಾಸವನ್ನೂ ಅದರ ಮುಂದೆ ‘:’ ಚಿಹ್ನೆಯಿಟ್ಟು 8096 ಎಂಬ ಪೋರ್ಟ್ ಸಂಖ್ಯೆಯನ್ನೂ ಬರೆಯಿರಿ. ಜೆಲ್ಲಿಫಿನ್‌ನ ಪುಟ ತೆರೆದುಕೊಂಡರೆ ದಾರಿ ತೆರೆದಿದೆ, ಟಿವಿಯು ಸರ್ವರನ್ನು ಹುಡುಕುವ ಕೂಗು ಮಾತ್ರ ಕೇಳಿಸುತ್ತಿಲ್ಲ ಎಂದರ್ಥ. ಫೋನಿನ ಆ್ಯಪ್ ಸದಾ ಕೆಲಸ ಮಾಡುವುದರಿಂದ ಹುಡುಕಾಟ ಸರಿಯಿದೆ ಎಂದು ಸಾಬೀತಾಗುವುದಿಲ್ಲ, ಏಕೆಂದರೆ ಅದು ಮೊದಲ ದಿನ ಸಿಕ್ಕಿದ ವಿಳಾಸವನ್ನು ನೆನಪಿಟ್ಟುಕೊಂಡು ನೇರವಾಗಿ ಅಲ್ಲಿಗೇ ಹೋಗುತ್ತದೆ. ಪ್ರತಿ ಸಲ ಹುಡುಕುವುದಿಲ್ಲ.

ಗೂಡುದೀಪ:

ವಿಂಡೋಸ್ ನಿಮ್ಮ ವೈಫೈಯನ್ನು ‘ಪಬ್ಲಿಕ್’ ಜಾಲವೆಂದು ಗುರುತಿಸಿಕೊಂಡಿರಬಹುದು. ಹಾಗಿದ್ದರೆ ಅದು ಸಾಧನಗಳ ಹುಡುಕಾಟಕ್ಕೆ ಉತ್ತರ ಕೊಡುವುದನ್ನೇ ನಿಲ್ಲಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಜಾಲದ ಗುಣಲಕ್ಷಣಗಳನ್ನು ತೆರೆದು ‘ಪ್ರೈವೇಟ್’ ಎಂದು ಬದಲಿಸಿ. ಹೊಸ ರೂಟರ್ ಬಂದಾಗ ಅಥವಾ ವೈಫೈಯ ಹೆಸರು ಬದಲಾದಾಗ ವಿಂಡೋಸ್ ಅದನ್ನು ಹೊಸ ಜಾಲವೆಂದು ಭಾವಿಸಿ ಮತ್ತೆ ‘ಪಬ್ಲಿಕ್’ ಮಾಡಿಬಿಡುವುದುಂಟು.

ಟಿವಿಯಾಗಲಿ ಕಂಪ್ಯೂಟರಾಗಲಿ ಅತಿಥಿ ವೈಫೈಗೆ ಸೇರಿಕೊಂಡಿಲ್ಲವಷ್ಟೆ? ಅತಿಥಿ ಜಾಲದಲ್ಲಿ ಸಾಧನಗಳು ಇಂಟರ್ನೆಟ್ಟನ್ನು ಕಾಣುತ್ತವೆಯೇ ಹೊರತು ಒಂದನ್ನೊಂದು ಕಾಣುವುದಿಲ್ಲ. ರೂಟರಿನಲ್ಲಿ ‘ಎಪಿ ಐಸೊಲೇಷನ್’ ಎಂಬ ಆಯ್ಕೆ ಸಕ್ರಿಯವಾಗಿದ್ದರೂ ಇದೇ ಫಲ.

ಮೌನಪ್ರೇಕ್ಷಕ:

ಜಾಲ ಮೊದಲಿನಿಂದಲೂ ‘ಪ್ರೈವೇಟ್’ ಆಗಿಯೇ ಇದೆ, ಅತಿಥಿ ವೈಫೈ ಬಳಕೆಯಲ್ಲಿಲ್ಲ, ಐಸೊಲೇಷನ್ ಕೂಡ ಇಲ್ಲ. ಟಿವಿಯ ವಿಳಾಸ 192.168.1.7, ಕಂಪ್ಯೂಟರಿನದು 192.168.1.20. ನೀಲಿತಂತಿಯವರು ಹೇಳಿದ ಪರೀಕ್ಷೆಯನ್ನು ಮಾಡಿದೆ. ಪಟ್ಟಿ ಖಾಲಿಯಾಗಿದ್ದ ಹೊತ್ತಿನಲ್ಲಿಯೇ ಟಿವಿಯ ಬ್ರೌಸರಿನಲ್ಲಿ ಜೆಲ್ಲಿಫಿನ್ ಪುಟ ತಕ್ಷಣ ತೆರೆದುಕೊಂಡಿತು. ಗಡಿಯಾರ ಹಿಡಿದು ಮೂರು ಬಾರಿ ನೋಡಿದೆ: ಮೂರು ಬಾರಿಯೂ ಸರ್ವರ್ ಆರಂಭವಾಗಿ ನಾಲ್ಕು ನಿಮಿಷದವರೆಗೆ ಹೆಸರು ಇತ್ತು, ಐದನೆಯ ನಿಮಿಷದಲ್ಲಿ ಇರಲಿಲ್ಲ.

ನೀಲಿತಂತಿ:

ಗಡಿಯಾರ ಹಿಡಿದದ್ದು ಒಳ್ಳೆಯದಾಯಿತು, ಆ ಅಂಕಿಯೇ ಕಳ್ಳನ ಹೆಸರು ಹೇಳುತ್ತಿದೆ.

ಡಿಎಲ್‌ಎನ್‌ಎ ಎಂಬುದು 2003ರಲ್ಲಿ ಆರಂಭವಾಗಿ 2017ರಲ್ಲಿ ವಿಸರ್ಜನೆಗೊಂಡ ಒಂದು ಉದ್ಯಮ ಒಕ್ಕೂಟದ ಹೆಸರು. ಒಕ್ಕೂಟ ಹೋದರೂ ಅದು ರೂಪಿಸಿದ ಪದ್ಧತಿ ಟಿವಿಗಳಲ್ಲಿ ಉಳಿದುಕೊಂಡಿದೆ. ಆ ಪದ್ಧತಿಯಲ್ಲಿ ಹುಡುಕಾಟ ನಡೆಯುವುದು ಎಸ್‌ಎಸ್‌ಡಿಪಿ ಎಂಬ ನಿಯಮದ ಪ್ರಕಾರ: ಟಿವಿಯು 239.255.255.250 ಎಂಬ ಮಲ್ಟಿಕಾಸ್ಟ್ (ಒಂದು ಗುಂಪಿಗೆಲ್ಲ ಒಟ್ಟಿಗೆ ತಲುಪುವ) ವಿಳಾಸಕ್ಕೆ, ಯುಡಿಪಿ 1900ನೇ ಪೋರ್ಟಿನಲ್ಲಿ, ‘ಮೀಡಿಯಾ ಸರ್ವರ್ ಯಾರಾದರೂ ಇದ್ದೀರಾ’ ಎಂದು ಕೂಗುತ್ತದೆ. ಆ ಗುಂಪಿಗೆ ಸೇರಿದ ಎಲ್ಲ ಸಾಧನಗಳಿಗೂ ಕೂಗು ಮುಟ್ಟಬೇಕು, ಸರ್ವರ್ ಓಗೊಡಬೇಕು.

ಹಿಂದೆ ಈ ಕೂಗನ್ನು ರೂಟರುಗಳು ಎಲ್ಲ ಕಡೆಗೂ ಹಂಚಿಬಿಡುತ್ತಿದ್ದವು. ಈಗಿನವುಗಳಲ್ಲಿ ಐಜಿಎಂಪಿ ಸ್ನೂಪಿಂಗ್ ಎಂಬ ಜಾಣತನವಿದೆ. ಯಾವ ಸಾಧನ ಯಾವ ಗುಂಪಿಗೆ ಸೇರಿದೆ ಎಂಬುದನ್ನು ರೂಟರು ಕದ್ದು ಕೇಳಿಸಿಕೊಂಡು, ಸೇರಿದವರಿಗೆ ಮಾತ್ರ ಕೂಗನ್ನು ದಾಟಿಸುತ್ತದೆ. ಸರ್ವರ್ ಆರಂಭವಾದಾಗ ‘ನಾನು ಈ ಗುಂಪಿಗೆ ಸೇರಿದ್ದೇನೆ’ ಎಂದು ಒಮ್ಮೆ ಹೇಳುತ್ತದೆ, ರೂಟರು ಬರೆದುಕೊಳ್ಳುತ್ತದೆ. ಆ ಮೇಲೆ ಜಾಲದಲ್ಲಿ ಯಾರಾದರೊಬ್ಬರು ಆಗಾಗ, ಮೂಲ ನಿಯಮದಂತೆ 125 ಸೆಕೆಂಡಿಗೊಮ್ಮೆ, ‘ಗುಂಪಿನಲ್ಲಿ ಇನ್ನೂ ಇದ್ದೀರಾ’ ಎಂದು ಹಾಜರಿ ಕರೆಯಬೇಕು. ಈ ಕರೆಯುವವನಿಗೆ ಕ್ವೆರಿಯರ್ ಎನ್ನುತ್ತಾರೆ. ಹಾಜರಿ ಕರೆಯುವವರೇ ಇಲ್ಲದಿದ್ದರೆ ಸರ್ವರ್ ಮತ್ತೆ ಬಾಯಿ ಬಿಡುವುದಿಲ್ಲ. ರೂಟರು 260 ಸೆಕೆಂಡು ಕಾದು, ಈ ಸಾಧನ ಗುಂಪು ಬಿಟ್ಟಿದೆ ಎಂದು ತೀರ್ಮಾನಿಸಿ ಹೆಸರು ಹೊಡೆದುಹಾಕುತ್ತದೆ. 260 ಸೆಕೆಂಡು ಎಂದರೆ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು.

ನಿಮ್ಮ ರೂಟರಿನಲ್ಲಿ ಸ್ನೂಪಿಂಗ್ ಇದ್ದು ಕ್ವೆರಿಯರ್ ಇಲ್ಲವೆಂದು ನನ್ನ ಊಹೆ. ಸಾಮಾನ್ಯವಾಗಿ ಐಜಿಎಂಪಿ ಪ್ರಾಕ್ಸಿ ಎಂಬ ಸೌಲಭ್ಯವೇ ಈ ಹಾಜರಿಯನ್ನೂ ಕರೆಯುತ್ತದೆ. ಅದನ್ನು ಯಾರಾದರೂ ಆರಿಸಿದ್ದಾರೆಯೇ ನೋಡಿ.

ಮೌನಪ್ರೇಕ್ಷಕ:

‘ಯಾರಾದರೂ’ ಎಂದು ಮರ್ಯಾದೆಗೆ ಕೇಳಿದ್ದೀರಿ. ಆರಿಸಿದವನು ನಾನೇ. ಬಳಸದ ಸೌಲಭ್ಯಗಳನ್ನೆಲ್ಲ ಆರಿಸಿದರೆ ರೂಟರು ಚುರುಕಾಗುತ್ತದೆ ಎಂದು ಎಲ್ಲಿಯೋ ಓದಿ ಕೆಲವು ತಿಂಗಳ ಹಿಂದೆ ಪ್ರಾಕ್ಸಿಯನ್ನು ತೆಗೆದಿದ್ದೆ, ಸ್ನೂಪಿಂಗನ್ನು ಮುಟ್ಟಿರಲಿಲ್ಲ. ಈಗ ಪ್ರಾಕ್ಸಿಯನ್ನು ಮತ್ತೆ ಹಚ್ಚಿ ಎರಡು ಗಂಟೆ ಕಾದೆ. ಸರ್ವರಿನ ಹೆಸರು ಪಟ್ಟಿಯಿಂದ ಕದಲಿಲ್ಲ.

ಎಂಟುಬಿಟ್ಟು:

ಸ್ನೂಪಿಂಗನ್ನು ಆರಿಸಿದರೂ ಇದೇ ಫಲ ಸಿಗುತ್ತಿತ್ತು. ಮನೆಯಷ್ಟರ ಜಾಲಕ್ಕೆ ಅದರಿಂದ ದೊಡ್ಡ ನಷ್ಟವೇನಿಲ್ಲ. ಆದರೆ ಅದೇ ಜಾಲದಲ್ಲಿ ಮಲ್ಟಿಕಾಸ್ಟ್ ಮೂಲಕ ಬರುವ ಐಪಿಟಿವಿ (ಜಾಲದ ಮೂಲಕ ಬರುವ ಟಿವಿ ವಾಹಿನಿಗಳ) ಸೇವೆ ಇದ್ದವರು ಆರಿಸಬಾರದು, ಏಕೆಂದರೆ ಆಗ ಆ ವಾಹಿನಿಯ ಪೂರ್ತಿ ಪ್ರವಾಹ ವೈಫೈಯ ಮೇಲೂ ಹರಿದು ಉಳಿದೆಲ್ಲವನ್ನೂ ಮುಳುಗಿಸುತ್ತದೆ.

ಧ್ವನಿಯ ವಿಷಯಕ್ಕೆ ಬನ್ನಿ. ಧ್ವನಿ ಬರದ ಕಡತಗಳ ಆಡಿಯೊ ಯಾವ ಬಗೆಯದು? ವಿಎಲ್‌ಸಿಯಲ್ಲಿ ತೆರೆದು ಕೋಡೆಕ್ (ಚಿತ್ರ, ಧ್ವನಿಗಳನ್ನು ಕುಗ್ಗಿಸಿ ಬರೆಯುವ ವಿಧಾನ) ಮಾಹಿತಿಯನ್ನು ನೋಡಿ ಹೇಳಿ.

ಕಲ್ಲುಬೆಂಚು:

ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವುದೇಕೆ? ಇಡೀ ಸಂಗ್ರಹವನ್ನು ಒಮ್ಮೆ ಎಚ್.264 ಚಿತ್ರಕ್ಕೂ ಎಎಸಿ ಧ್ವನಿಗೂ ಪರಿವರ್ತಿಸಿ ಎಂಪಿ4 ಮಾಡಿಟ್ಟುಬಿಡಿ. ಯಾವ ಟಿವಿಯೂ ತಕರಾರು ಮಾಡುವುದಿಲ್ಲ. ನಾನು ಹಾಗೆಯೇ ಮಾಡಿದ್ದೇನೆ.

ಎಂಟುಬಿಟ್ಟು:

ಕಲ್ಲುಬೆಂಚು ಅವರ ಸಲಹೆಯನ್ನು ಗೌರವದಿಂದಲೇ ಒಪ್ಪುವುದಿಲ್ಲ. ಲಕೋಟೆ ಬದಲಿಸುವುದಕ್ಕೂ ಪತ್ರವನ್ನೇ ಮತ್ತೆ ಬರೆಯುವುದಕ್ಕೂ ವ್ಯತ್ಯಾಸವಿದೆ. ಎಂಕೆವಿ, ಎಂಪಿ4 ಎಂಬವು ಲಕೋಟೆಗಳು. ಒಳಗಿರುವ ಚಿತ್ರ ಮತ್ತು ಧ್ವನಿಯ ಕೋಡೆಕ್‌ಗಳು ಪತ್ರ. ಲಕೋಟೆ ಬದಲಿಸಲು ಕೆಲವೇ ನಿಮಿಷ ಸಾಕು, ಗುಣಮಟ್ಟ ಕಿಂಚಿತ್ತೂ ಕೆಡುವುದಿಲ್ಲ. ಚಿತ್ರವನ್ನೇ ಹೊಸ ಕೋಡೆಕ್‌ಗೆ ಬರೆಯುವುದಾದರೆ ಒಂದೊಂದು ಕಡತಕ್ಕೂ ಗಂಟೆಗಟ್ಟಲೆ ಬೇಕು, ಪ್ರತಿ ಬಾರಿಯೂ ಸ್ವಲ್ಪ ಗುಣಮಟ್ಟ ಹೋಗುತ್ತದೆ, ಹೋದದ್ದು ಮರಳುವುದಿಲ್ಲ. ಇಲ್ಲಿ ಚಿತ್ರ ಸರಿಯಾಗಿಯೇ ಕಾಣುತ್ತಿರುವಾಗ ಅದನ್ನು ಮುಟ್ಟಲು ಕಾರಣವೇ ಇಲ್ಲ.

ಮೌನಪ್ರೇಕ್ಷಕ:

ನೋಡಿದೆ. ಧ್ವನಿ ಬರದವೆಲ್ಲವೂ ಡಿಟಿಎಸ್. ಧ್ವನಿ ಬರುವವುಗಳಲ್ಲಿ ಎಎಸಿ ಮತ್ತು ಎಸಿ3 ಇವೆ. ಇದೊಂದು ವಿಚಿತ್ರವಿದೆ: ಇದೇ ಡಿಟಿಎಸ್ ಚಿತ್ರಗಳು ನಮ್ಮ ಹಳೆಯ ಟಿವಿಯಲ್ಲಿ ಧ್ವನಿಸಹಿತವಾಗಿ ಓಡುತ್ತಿದ್ದವು.

ಎಂಟುಬಿಟ್ಟು:

ಅದು ವಿಚಿತ್ರವಲ್ಲ. ಕೆಲವು ತಯಾರಕರು ಕಳೆದ ದಶಕದ ಕೊನೆಯ ಹೊತ್ತಿಗೆ ತಮ್ಮ ಹೊಸ ಮಾದರಿಗಳಿಂದ ಡಿಟಿಎಸ್ ಬಿಡಿಸುವ ಸೌಲಭ್ಯವನ್ನು ಕೈಬಿಟ್ಟರು. ಹಳೆಯ ಟಿವಿಗೆ ಬರುತ್ತಿದ್ದ ವಿದ್ಯೆ ಹೊಸದಕ್ಕೆ ಬಾರದಿರುವುದು ಈ ಕಾರಣದಿಂದ.

ಡಿಎಲ್‌ಎನ್‌ಎ ಮೂಲಕ ಹೋದಾಗ ಟಿವಿಗೆ ಏನು ಬರುತ್ತದೆ, ಏನು ಬಾರದು ಎಂಬುದನ್ನು ಸರ್ವರ್ ತನ್ನಲ್ಲಿರುವ ಪ್ರೊಫೈಲ್ ನೋಡಿ ಊಹಿಸುತ್ತದೆ. ಪ್ರೊಫೈಲಿನಲ್ಲಿ ಡಿಟಿಎಸ್ ನಡೆಯುತ್ತದೆ ಎಂದಿದ್ದರೆ ಕಡತವನ್ನು ಇದ್ದಂತೆಯೇ ಕಳಿಸುತ್ತದೆ. ಟಿವಿ ಮೂಕಚಿತ್ರ ತೋರಿಸುತ್ತದೆ. ನಿಮ್ಮ ಟಿವಿಗೆ ಜೆಲ್ಲಿಫಿನ್ ಆ್ಯಪ್ ಸಿಗುವುದಾದರೆ ಅದನ್ನೇ ಹಾಕಿಕೊಳ್ಳಿ, ಏಕೆಂದರೆ ಆ್ಯಪ್ ತನ್ನ ಸಾಮರ್ಥ್ಯವನ್ನು ತಾನೇ ಸರ್ವರಿಗೆ ತಿಳಿಸುತ್ತದೆ. ಆಗ ಸರ್ವರ್ ಚಿತ್ರವನ್ನು ಹಾಗೆಯೇ ಬಿಟ್ಟು ಧ್ವನಿಯನ್ನು ಮಾತ್ರ ಎಸಿ3 ಅಥವಾ ಎಎಸಿಗೆ ಪರಿವರ್ತಿಸುತ್ತ ಕಳಿಸುತ್ತದೆ. ಹಳೆಯ ಪ್ರೊಸೆಸರಿಗೂ ಈ ಕೆಲಸ ಹೊರೆಯಲ್ಲ. ಚಿತ್ರ ಓಡುತ್ತಿರುವಾಗ ಸರ್ವರಿನ ಡ್ಯಾಶ್‌ಬೋರ್ಡ್ ತೆರೆದರೆ ಯಾವುದನ್ನು ನೇರವಾಗಿ ಕಳಿಸುತ್ತಿದೆ, ಯಾವುದನ್ನು ಯಾವ ಕಾರಣಕ್ಕೆ ಪರಿವರ್ತಿಸುತ್ತಿದೆ ಎಂಬುದು ಕಾಣುತ್ತದೆ. ಊಹಿಸುವ ಮೊದಲು ಅದನ್ನು ನೋಡುವುದು ಲೇಸು.

ಹೊಸಚಿಗುರು:

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ನನ್ನದು ಇದಕ್ಕೆ ಹತ್ತಿರದ ಸಮಸ್ಯೆ. ಟಿವಿಯ ಪಟ್ಟಿಯಲ್ಲಿ ಸರ್ವರಿನ ಹೆಸರು ಸದಾ ಇರುತ್ತದೆ, ಆದರೆ ಅದನ್ನು ಒತ್ತಿದರೆ ಸುತ್ತುವ ಚಕ್ರ ಬಿಟ್ಟು ಬೇರೇನೂ ಬರುವುದಿಲ್ಲ.

ನೀಲಿತಂತಿ:

ಕಂಪ್ಯೂಟರಿನಲ್ಲಿ ವರ್ಚುವಲ್‌ಬಾಕ್ಸ್‌ನಂತಹ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಓಡಿಸುವ) ತಂತ್ರಾಂಶವಾಗಲಿ ವಿಪಿಎನ್ ಆಗಲಿ ಇದೆಯೇ? ಅವು ಕಂಪ್ಯೂಟರಿಗೆ ಇಲ್ಲದ ಜಾಲಗಳನ್ನು ಸೃಷ್ಟಿಸಿ ಹೆಚ್ಚುವರಿ ವಿಳಾಸ ಕೊಡುತ್ತವೆ. ಸರ್ವರ್ ತಪ್ಪು ವಿಳಾಸವನ್ನು ಆರಿಸಿಕೊಂಡು, ‘ನನ್ನನ್ನು 192.168.56.1ರಲ್ಲಿ ಕಾಣಿರಿ’ ಎಂದು ಟಿವಿಗೆ ಹೇಳಿದರೆ ಟಿವಿ ಇಲ್ಲದ ಮನೆಯ ಬಾಗಿಲು ಬಡಿಯುತ್ತ ಕೂರುತ್ತದೆ. ಸರ್ವರಿನ ನೆಟ್‌ವರ್ಕಿಂಗ್ ಪುಟದಲ್ಲಿ ನಿಜವಾದ ವಿಳಾಸವನ್ನು ಮಾತ್ರ ಬಳಸುವಂತೆ ಸೂಚಿಸಿ.

ಹೊಸಚಿಗುರು:

ವರ್ಚುವಲ್‌ಬಾಕ್ಸ್ ಇತ್ತು, ವಿಳಾಸವೂ ನೀವು ಹೇಳಿದ್ದೇ. ಸರಿಹೋಯಿತು.

ಗೂಡುದೀಪ:

ಲಿನಕ್ಸ್ ಬಳಸುವವರಿಗೆ ಇನ್ನೊಂದು ಮಾತು ಸೇರಿಸುತ್ತೇನೆ. ಸರ್ವರ್ ಕಾಣುತ್ತದೆ, ತೆರೆಯುತ್ತದೆ, ಆದರೆ ಸಂಗ್ರಹ ಖಾಲಿ ಎಂದಾದರೆ ಅದು ಬಹುಮಟ್ಟಿಗೆ ಅನುಮತಿಯ ಪ್ರಶ್ನೆ. ಸರ್ವರ್ ಓಡುವುದು ನಿಮ್ಮ ಹೆಸರಿನಲ್ಲಲ್ಲ, ತನ್ನದೇ ಆದ ಬಳಕೆದಾರನ ಹೆಸರಿನಲ್ಲಿ. ನಿಮಗೆ ಓದಲು ಬರುವ ಕಡತಕೋಶದೊಳಗೆ ಕಾಲಿಡಲೂ ಅದಕ್ಕೆ ಹಕ್ಕಿಲ್ಲದಿರಬಹುದು.

ಮೌನಪ್ರೇಕ್ಷಕ:

ಟಿವಿಗೆ ಆ್ಯಪ್ ಸಿಕ್ಕಿತು. ಡಿಟಿಎಸ್ ಚಿತ್ರಗಳಿಗೆ ಧ್ವನಿ ಬಂತು. ಡ್ಯಾಶ್‌ಬೋರ್ಡಿನಲ್ಲಿ ಚಿತ್ರ ನೇರ, ಧ್ವನಿ ಪರಿವರ್ತನೆ ಎಂದು ತೋರಿಸುತ್ತಿದೆ, ಪ್ರೊಸೆಸರ್ ಹೆಚ್ಚುಕಡಿಮೆ ನಿದ್ದೆಯಲ್ಲಿಯೇ ಇದೆ. ಅಂದ ಮೇಲೆ ದೊಡ್ಡ ಕಡತಗಳು ತಡೆದು ಓಡುವುದಕ್ಕೆ ಪ್ರೊಸೆಸರ್ ಕಾರಣವಲ್ಲ ಎಂದಾಯಿತು. ರೂಟರು ಪಕ್ಕದ ಕೋಣೆಯಲ್ಲಿಯೇ ಇದೆ, ವೈಫೈ ಸಂಕೇತ ಪೂರ್ತಿ ತೋರಿಸುತ್ತದೆ. ಇಂಟರ್ನೆಟ್ ವೇಗ ಪರೀಕ್ಷಿಸಿದರೆ 50 ಎಂಬಿಪಿಎಸ್ ಬರುತ್ತದೆ.

ನೀಲಿತಂತಿ:

ಇಂಟರ್ನೆಟ್ ವೇಗಕ್ಕೂ ಇದಕ್ಕೂ ಸಂಬಂಧವಿಲ್ಲ. ಇಂಟರ್ನೆಟ್ ಸಂಪರ್ಕ ಪೂರ್ತಿ ಕಡಿದುಹೋದರೂ ಮನೆಯೊಳಗಿನ ಪ್ರವಾಹ ನಿಲ್ಲಬಾರದು. ಅಳೆಯಬೇಕಾದದ್ದು ಕಂಪ್ಯೂಟರಿನಿಂದ ಟಿವಿಯ ಜಾಗದವರೆಗಿನ ಹಾದಿಯನ್ನು, ಅದೂ ಚಿತ್ರ ಓಡುವಾಗಿನ ಪರಿಸ್ಥಿತಿಯಲ್ಲಿ. ಐಪರ್ಫ್3 ಎಂಬ, ಎರಡು ಕಂಪ್ಯೂಟರುಗಳ ನಡುವಿನ ವೇಗ ಅಳೆಯುವ ಉಚಿತ ತಂತ್ರಾಂಶವಿದೆ. ಟಿವಿಯ ಕೇಬಲ್ಲನ್ನು ಬಿಚ್ಚಿ ಲ್ಯಾಪ್‌ಟಾಪಿಗೆ ಚುಚ್ಚಿ, ಎರಡೂ ಕಡೆ ಅದನ್ನು ಓಡಿಸಿ. ಒಮ್ಮೆ ಹಾರ್ಡ್‌ಡಿಸ್ಕ್ ಸುಮ್ಮನಿರುವಾಗ ಅಳೆಯಿರಿ, ಇನ್ನೊಮ್ಮೆ ಅದರಿಂದ ಯಾವುದಾದರೂ ದೊಡ್ಡ ಕಡತವನ್ನು ಕಂಪ್ಯೂಟರಿನ ಒಳಡಿಸ್ಕಿಗೆ ನಕಲು ಮಾಡುತ್ತಿರುವಾಗ ಅಳೆಯಿರಿ. ಡಾಂಗಲ್ ಮತ್ತು ಹಾರ್ಡ್‌ಡಿಸ್ಕ್ ಎಲ್ಲಿ ಚುಚ್ಚಲ್ಪಟ್ಟಿವೆ, ವೈಫೈ ಯಾವ ತರಂಗಪಟ್ಟಿಯಲ್ಲಿದೆ (2.4 ಗಿಗಾಹರ್ಟ್ಸೋ 5 ಗಿಗಾಹರ್ಟ್ಸೋ) ಎಂಬುದನ್ನೂ ತಿಳಿಸಿ.

ಮೌನಪ್ರೇಕ್ಷಕ:

ಸುಮ್ಮನಿರುವಾಗ 58 ಎಂಬಿಪಿಎಸ್. ನಕಲು ನಡೆಯುತ್ತಿರುವಾಗ 11. ನಕಲು ನಿಲ್ಲಿಸಿದ ಕೂಡಲೇ ಮತ್ತೆ 58ರ ಸುತ್ತಮುತ್ತ. ಕಂಪ್ಯೂಟರಿನ ಹಿಂಬದಿಯಲ್ಲಿ ಎರಡೂ ಅಕ್ಕಪಕ್ಕದಲ್ಲಿಯೇ ಇವೆ, ಹಾರ್ಡ್‌ಡಿಸ್ಕ್ ಯುಎಸ್‌ಬಿ 3.0. ಡಾಂಗಲ್ 2.4 ಗಿಗಾಹರ್ಟ್ಸ್ ಮಾತ್ರ ಬಲ್ಲದು. ಡಿಸ್ಕ್ ಓದುವುದಕ್ಕೂ ವೈಫೈಗೂ ಏನು ನಂಟು?

ನೀಲಿತಂತಿ:

ನಂಟು ರೇಡಿಯೊದ್ದು. ಯುಎಸ್‌ಬಿ 3.0 ತಂತಿಯಲ್ಲಿ 5 ಜಿಬಿಪಿಎಸ್ ವೇಗದಲ್ಲಿ ದತ್ತಾಂಶ ಹರಿಯುವಾಗ ಏಳುವ ವಿದ್ಯುತ್ಕಾಂತೀಯ ಗದ್ದಲ ವಿಶಾಲ ತರಂಗಪಟ್ಟಿಯಲ್ಲಿ ಹರಡುತ್ತದೆ, 2.4 ಗಿಗಾಹರ್ಟ್ಸ್ ಸುತ್ತಲಿನ ಭಾಗವೂ ಅದರೊಳಗೆ ಬರುತ್ತದೆ. ಇಂಟೆಲ್ ಸಂಸ್ಥೆ 2012ರಲ್ಲಿಯೇ ಈ ಬಗ್ಗೆ ತಾಂತ್ರಿಕ ಪ್ರಬಂಧವೊಂದನ್ನು ಪ್ರಕಟಿಸಿತ್ತು. ಡಾಂಗಲ್ಲಿನ ಪುಟ್ಟ ಆಂಟೆನಾ ಆ ಗದ್ದಲದ ಬಾಯಿಗೇ ಕಿವಿಯಿಟ್ಟು ಕುಳಿತಿದೆ. ಡಿಸ್ಕ್ ಸುಮ್ಮನಿದ್ದಾಗ ವೇಗ ಚೆನ್ನಾಗಿರುತ್ತದೆ, ಚಿತ್ರ ಓಡಿಸಿದಾಗ ಡಿಸ್ಕ್ ಎಚ್ಚರಗೊಂಡು ತಾನೇ ಕಳಿಸಬೇಕಾದ ದಾರಿಯನ್ನು ತಾನೇ ಮುಚ್ಚುತ್ತದೆ. ವೈಫೈ ಸಂಕೇತದ ಗೆರೆಗಳು ಪೂರ್ತಿಯಿರುವುದು ಇಲ್ಲಿ ಮೋಸಗೊಳಿಸುತ್ತದೆ: ರೂಟರಿನ ದನಿ ಜೋರಾಗಿಯೇ ಇದೆ, ಗದ್ದಲದಲ್ಲಿ ಮಾತು ಅರ್ಥವಾಗುತ್ತಿಲ್ಲ, ಅರ್ಥವಾಗದ ಪ್ರತಿ ಮಾತನ್ನೂ ಮತ್ತೆ ಮತ್ತೆ ಹೇಳಬೇಕಾಗುತ್ತಿದೆ.

ಒಂದು ಯುಎಸ್‌ಬಿ ವಿಸ್ತರಣಾ ತಂತಿ ಹಾಕಿ ಡಾಂಗಲನ್ನು ಒಂದು ಮೀಟರ್ ದೂರಕ್ಕೆ ಒಯ್ದು ಮತ್ತೆ ಅಳೆಯಿರಿ. ಶಾಶ್ವತ ಪರಿಹಾರವೆಂದರೆ ಕಂಪ್ಯೂಟರನ್ನೇ ಕೇಬಲ್ಲಿನಿಂದ ರೂಟರಿಗೆ ಸೇರಿಸುವುದು. ಅದಾಗದಿದ್ದರೆ 5 ಗಿಗಾಹರ್ಟ್ಸ್ ಬಲ್ಲ ಡಾಂಗಲ್. ಅನೇಕರು ಟಿವಿಗೆ ಕೇಬಲ್ ಎಳೆದು ಸರ್ವರನ್ನು ವೈಫೈಯಲ್ಲಿ ಬಿಡುತ್ತಾರೆ. ಒಂದೇ ಕೇಬಲ್ ಎಳೆಯಲು ಸಾಧ್ಯವಿದ್ದರೆ ಅದು ಸಲ್ಲಬೇಕಾದದ್ದು ಎಲ್ಲರಿಗೂ ಹಂಚುವ ಸರ್ವರಿಗೆ.

ಎಂಟುಬಿಟ್ಟು:

ಹೋಲಿಕೆಗೆ ಕೆಲವು ಅಂಕಿಗಳು ಇರಲಿ. ಸಾಮಾನ್ಯ ಬ್ಲೂ-ರೇ ಡಿಸ್ಕಿನಲ್ಲಿ ಚಿತ್ರದ ಗರಿಷ್ಠ ಪ್ರವಾಹ 40 ಎಂಬಿಪಿಎಸ್, 4ಕೆ ಬ್ಲೂ-ರೇ ಡಿಸ್ಕಿನ ಒಟ್ಟು ಪ್ರವಾಹದ ಮಿತಿ 128 ಎಂಬಿಪಿಎಸ್. ಹಾಗಾಗಿ 11 ಎಂಬಿಪಿಎಸ್ ದಾರಿಯಲ್ಲಿ ನಿಮ್ಮ ದೊಡ್ಡ ಕಡತಗಳು ಇಷ್ಟಾದರೂ ಓಡಿದ್ದೇ ಹೆಚ್ಚು. ಇನ್ನೊಂದು ಎಚ್ಚರಿಕೆ: ಬಹಳಷ್ಟು ಟಿವಿಗಳ ಕೇಬಲ್ ಪೋರ್ಟ್ 100 ಎಂಬಿಪಿಎಸ್‌ನದು ಮಾತ್ರ. ಡಿಸ್ಕಿನಿಂದ ತೆಗೆದು ಮತ್ತೆ ಸಂಕುಚಿಸದೆ ಇಟ್ಟ 4ಕೆ ಕಡತಗಳಲ್ಲಿ ಪ್ರವಾಹ ಅದನ್ನು ಮೀರುವ ದೃಶ್ಯಗಳು ಬಂದಾಗ ಕೇಬಲ್ಲಿದ್ದರೂ ತಡೆ ಬರುತ್ತದೆ, ಅಂಥ ಟಿವಿಗಳಲ್ಲಿ ಒಳ್ಳೆಯ 5 ಗಿಗಾಹರ್ಟ್ಸ್ ವೈಫೈಯೇ ಕೇಬಲ್ಲಿಗಿಂತ ಮುಂದೆ ಹೋಗುವುದುಂಟು. ಕೇಬಲ್ ಯಾವಾಗಲೂ ಮೇಲು ಎಂಬ ಮಾತಿಗೆ ಇದೊಂದು ಅಪವಾದ.

ಕಲ್ಲುಬೆಂಚು:

ಪರಿವರ್ತನೆಯ ಬಗ್ಗೆ ನಾನು ಅವಸರದಲ್ಲಿ ಬರೆದೆ ಎಂದು ಒಪ್ಪುತ್ತೇನೆ. ಆದರೆ ಇದೊಂದನ್ನು ಕೇಳಬೇಕಿದೆ. ಮನೆಯ ಹೊರಗಿನಿಂದಲೂ ನೋಡಲು ನಾನು ರೂಟರಿನಲ್ಲಿ ಸರ್ವರಿನ ಪೋರ್ಟನ್ನು ಹೊರಜಗತ್ತಿಗೆ ತೆರೆದಿಟ್ಟಿದ್ದೇನೆ. ಇದರಲ್ಲಿ ತಪ್ಪಿದೆಯೇ?

ನೀಲಿತಂತಿ:

ಇದೆ. 8096ರಲ್ಲಿ ಓಡುವುದು ಗೂಢಲಿಪೀಕರಣವಿಲ್ಲದ ಸಂಪರ್ಕ, ನಿಮ್ಮ ಗುಪ್ತಪದವೂ ಅದರಲ್ಲಿ ಬರಿಮೈಯಲ್ಲಿ ಹೋಗುತ್ತದೆ. ಡಿಎಲ್‌ಎನ್‌ಎಗಂತೂ ಗುಪ್ತಪದವೆಂಬ ಕಲ್ಪನೆಯೇ ಇಲ್ಲ. ಪೋರ್ಟ್ ಮುಚ್ಚಿ, ವೈರ್‌ಗಾರ್ಡ್‌ನಂತಹ ವಿಪಿಎನ್ ಮೂಲಕ ಮನೆಯ ಜಾಲದೊಳಗೆ ಬಂದು ನೋಡಿ.

ಮೌನಪ್ರೇಕ್ಷಕ:

ವಿಸ್ತರಣಾ ತಂತಿ ಹಾಕಿದ ಮೇಲೆ ನಕಲು ನಡೆಯುವಾಗಲೂ 52 ಎಂಬಿಪಿಎಸ್ ಬಂತು. ನಿನ್ನೆ ಕಂಪ್ಯೂಟರಿಗೆ ಕೇಬಲ್ ಎಳೆದೆ. ಈಗ ಟಿವಿಯ ಕಡೆಯ ಲ್ಯಾಪ್‌ಟಾಪಿನಲ್ಲಿ 940 ತೋರಿಸುತ್ತದೆ. ಕೇಬಲ್ಲಿಗೆ ಬದಲಾದಾಗ ಕಂಪ್ಯೂಟರಿನ ಐಪಿ ವಿಳಾಸವೂ ಬದಲಾಗಿ, ಇಷ್ಟು ದಿನ ತೊಂದರೆ ಕೊಡದಿದ್ದ ಫೋನಿನ ಆ್ಯಪ್ ಮೊದಲ ಬಾರಿಗೆ ಸರ್ವರ್ ಸಿಗುತ್ತಿಲ್ಲ ಎಂದಿತು. ನೀಲಿತಂತಿಯವರ ಮೊದಲ ಉತ್ತರ ನೆನಪಿದ್ದುದರಿಂದ ಗಾಬರಿಯಾಗಲಿಲ್ಲ. ರೂಟರಿನಲ್ಲಿ ಕಂಪ್ಯೂಟರಿಗೆ ಒಂದು ವಿಳಾಸವನ್ನು ಕಾಯ್ದಿರಿಸಿ, ಆ್ಯಪ್‌ನಲ್ಲಿ ಅದನ್ನೇ ಬರೆದೆ.

ಉಳಿದದ್ದು ಒಂದೇ. ಒಂದು ಚಿತ್ರಕ್ಕೆ ಸಬ್‌ಟೈಟಲ್ ಹಚ್ಚಿದರೆ ಸಾಕು, ಪ್ರೊಸೆಸರ್ ನೂರಕ್ಕೆ ನೂರು ಏರಿ ಚಿತ್ರ ತಡೆಯುತ್ತದೆ. ಇನ್ನೊಂದರಲ್ಲಿ ಕನ್ನಡ ಸಬ್‌ಟೈಟಲಿನ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ.

ಎಂಟುಬಿಟ್ಟು:

ಮೊದಲನೆಯದರ ಸಬ್‌ಟೈಟಲ್ ಪಿಜಿಎಸ್ ಬಗೆಯದಾಗಿರಬೇಕು. ಬ್ಲೂ-ರೇಯಿಂದ ಬರುವ ಅವು ಅಕ್ಷರಗಳಲ್ಲ, ಅಕ್ಷರಗಳ ಚಿತ್ರಗಳು. ಅವುಗಳನ್ನು ಬಿಡಿಸಲಾರದ ಟಿವಿಗೆ ಸರ್ವರ್ ಅವನ್ನು ಪ್ರತಿ ಚೌಕಟ್ಟಿನ ಮೇಲೂ ಅಚ್ಚೊತ್ತಿ ಕೊಡಬೇಕು, ಅಂದರೆ ಇಡೀ ಚಿತ್ರವನ್ನು ಮತ್ತೆ ಬರೆಯಬೇಕು. ಅದೇ ಚಿತ್ರಕ್ಕೆ ಎಸ್‌ಆರ್‌ಟಿ ಕಡತ ಸಿಕ್ಕಿದರೆ ಅದನ್ನು ಚಿತ್ರದ ಹೆಸರಿನಲ್ಲಿಯೇ ಪಕ್ಕದಲ್ಲಿಡಿ. ಅದು ಬರಿಯ ಪಠ್ಯ, ಹೊರೆಯಿಲ್ಲ. ಸಿಗದಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಹಾರ್ಡ್‌ವೇರ್ ವೇಗವರ್ಧನೆಯನ್ನು (ಚಿತ್ರ ಪರಿವರ್ತನೆಗೆಂದೇ ಇರುವ ಯಂತ್ರಭಾಗದ ಬಳಕೆಯನ್ನು) ಸಕ್ರಿಯಗೊಳಿಸಿ. ಇಂಟೆಲ್ ಪ್ರೊಸೆಸರುಗಳಲ್ಲಿ ಕ್ವಿಕ್ ಸಿಂಕ್ ಎಂಬ ಸೌಲಭ್ಯ 2011ರಿಂದ ಬರುತ್ತಿದೆ, ಆದರೆ 10 ಬಿಟ್ಟಿನ ಎಚ್‌ಇವಿಸಿ ಕೋಡೆಕ್ ಇರುವ ಚಿತ್ರಗಳಿಗೆ 7ನೇ ಪೀಳಿಗೆ ಅಥವಾ ಅದಕ್ಕಿಂತ ಹೊಸದು ಇದ್ದರೆ ಒಳ್ಳೆಯದು.

ಎರಡನೆಯ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಅಲ್ಲಿ ಕನ್ನಡ ಸರಿಯಾಗಿ ಕಂಡರೆ ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ ಉಳಿಸಿ. ಅಲ್ಲಿಯೂ ಅದೇ ಚಿಹ್ನೆಗಳಿದ್ದರೆ ಅದು ಯೂನಿಕೋಡ್ ಪೂರ್ವದ ಫಾಂಟಿಗಾಗಿ ಟೈಪಿಸಿದ ಪಠ್ಯವಿರಬೇಕು. ಮೊದಲು ಅದನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ಚಿಹ್ನೆಗಳ ಬದಲು ಖಾಲಿ ಚೌಕಗಳು ಕಂಡರೆ ಮಾತ್ರ ಟಿವಿಯಲ್ಲಿ ಕನ್ನಡ ಫಾಂಟ್ ಇಲ್ಲವೆಂದು ತಿಳಿಯಿರಿ.

ಮೌನಪ್ರೇಕ್ಷಕ:

ಎರಡನೆಯದು ಯೂನಿಕೋಡ್ ಪೂರ್ವದ ಪಠ್ಯವೇ. ಪರಿವರ್ತಿಸಿ ಯುಟಿಎಫ್-8ರಲ್ಲಿ ಉಳಿಸಿದ ಮೇಲೆ ಒತ್ತಕ್ಷರಗಳ ಸಮೇತ ಸರಿಯಾಗಿ ಕಾಣುತ್ತಿದೆ. ಮೊದಲನೆಯದಕ್ಕೆ ಎಸ್‌ಆರ್‌ಟಿ ಸಿಗಲಿಲ್ಲ. ನನ್ನ ಪ್ರೊಸೆಸರ್ 8ನೇ ಪೀಳಿಗೆಯದು, ಕ್ವಿಕ್ ಸಿಂಕ್ ಸಕ್ರಿಯಗೊಳಿಸಿದೆ. ಅಚ್ಚೊತ್ತುವ ಕೆಲಸ ನಡೆಯುತ್ತಿರುವಾಗ ಹೊರೆ ಈಗ ಶೇಕಡಾ 30ರ ಆಸುಪಾಸಿನಲ್ಲಿದೆ, ಚಿತ್ರ ತಡೆಯುವುದಿಲ್ಲ. ಟಿವಿ ಹಾಳಾಗಿಲ್ಲ ಎಂದು ಮನೆಯವರಿಗೆ ತಿಳಿಸಿದ್ದೇನೆ. ಐಜಿಎಂಪಿ ಪ್ರಾಕ್ಸಿಯನ್ನು ಆರಿಸಿದ್ದು ಯಾರು ಎಂಬುದನ್ನು ಇನ್ನೂ ತಿಳಿಸಿಲ್ಲ.